ಎರಡು ಲ್ಯಾಪ್‌ಟಾಪು, ಒಂದೇ ಕುಂಕುಮ

2022ರ ಅಕ್ಟೋಬರ್ 4, ಆಯುಧಪೂಜೆ. ಹನುಮಂತನಗರದ ಚಿಕ್ಕಮ್ಮನ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಒಂದೊಂದೇ ಸಾಮಾನು ಜೋಡಿಸಿದ್ದರು. ಈಳಿಗೆಮಣೆ, ಮಿಕ್ಸಿ, ಚಿಕ್ಕಪ್ಪನ ಸ್ಪ್ಯಾನರ್ ಡಬ್ಬಿ, ಸ್ಕೂಟರಿನ ಕೀಲಿ, ಚಿಕ್ಕಮ್ಮನ ಹಳೇ ಹೊಲಿಗೆ ಮಿಷನ್ನು, ಕೊನೆಯಲ್ಲಿ ಮಗನ ಲ್ಯಾಪ್‌ಟಾಪು. ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಇಡುತ್ತಾ ಬಂದ ಚಿಕ್ಕಮ್ಮ ಲ್ಯಾಪ್‌ಟಾಪಿನ ಹತ್ತಿರ ನಿಂತು, "ಇನ್ನೊಂದು ಎಲ್ಲೋ?" ಅಂದರು.

"ಇನ್ನೊಂದು ಯಾವ್ದಮ್ಮ?"

"ರಾತ್ರಿ ಹೊತ್ತು ತೆಗೀತೀಯಲ್ಲ, ಬೂದಿ ಬಣ್ಣದ್ದು. ಅದೂ ಅನ್ನ ಹಾಕೋ ಸಾಮಾನು ತಾನೆ? ತಂದಿಡು."

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಒಳಗೆ ಹೋಗಿ ಬೀರುವಿನಲ್ಲಿ ಮಡಿಸಿಟ್ಟ ಬೆಡ್‌ಶೀಟುಗಳ ಕೆಳಗಿಂದ ಎರಡನೇ ಲ್ಯಾಪ್‌ಟಾಪು ತಂದು ಮೊದಲನೆಯದರ ಪಕ್ಕ ಇಟ್ಟ. ಚಿಕ್ಕಮ್ಮ ಎರಡರ ಮುಚ್ಚಳಕ್ಕೂ ಕುಂಕುಮ ಇಟ್ಟು ಮಂಗಳಾರತಿ ಎತ್ತಿದರು.

ಊಟವಾದ ಮೇಲೆ ಮಹಡಿಗೆ ಕರೆದುಕೊಂಡು ಹೋಗಿ ಹೇಳಿದ: "ಅಕ್ಕ, ಇದು ಆಚೆ ಹೋಗೋದು ಬೇಡ. ಕೆಲಸ ಹೋಗುತ್ತೆ." ಹಗಲು ಹತ್ತರಿಂದ ಏಳರ ತನಕ ಹೊರವರ್ತುಲ ರಸ್ತೆಯ ಒಂದು ಕಂಪನಿಗೆ ಮನೆಯಿಂದಲೇ ಕೆಲಸ. ರಾತ್ರಿ ಎಂಟರಿಂದ ಹನ್ನೆರಡರ ತನಕ ಇನ್ನೊಂದು ಸಣ್ಣ ಸ್ಟಾರ್ಟಪ್‌ಗೆ. ಚಿಕ್ಕಪ್ಪನ ಹೃದಯದ ಆಪರೇಷನ್‌ಗೆ ಮಾಡಿದ ಸಾಲ ಬೆಳೆಯುತ್ತಿತ್ತು, ಮನೆ ಸಾಲದ ಕಂತು ಬೇರೆ. ಹತ್ತು ತಿಂಗಳಿಂದ ಹೀಗೇ ನಡೆದಿತ್ತಂತೆ. ಎರಡನೇ ಕೆಲಸ ಇದೆಯೆಂದು ಅಮ್ಮನಿಗೆ ಗೊತ್ತು, ಮೊದಲನೆಯ ಕಂಪನಿಗೆ ಗೊತ್ತಾಗಬಾರದು ಎನ್ನುವುದನ್ನು ಮಾತ್ರ ಅವರಿಗೆ ಹೇಳಿರಲಿಲ್ಲ. ಹೆಸರು ಬರೆಯುವುದಿಲ್ಲ ಎಂಬ ಮಾತಿನ ಮೇಲೆ ಈಗ ಅವನ ಕತೆ ಬರೆಯಲು ಒಪ್ಪಿದ್ದಾನೆ.

ಅವನ ಭಯಕ್ಕೆ ಕಾರಣವಿತ್ತು. ಅದಕ್ಕೆ ಎರಡೇ ವಾರ ಮೊದಲು, ಸೆಪ್ಟೆಂಬರ್ 21ರಂದು, ವಿಪ್ರೊ ಅಧ್ಯಕ್ಷ ರಿಶದ್ ಪ್ರೇಮ್‌ಜಿ ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದ 300 ಜನರನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಸಭೆಯೊಂದರಲ್ಲಿ ಹೇಳಿದ್ದರು. ಆಗಸ್ಟ್‌ನಲ್ಲೇ ಅವರು ಟ್ವೀಟ್ ಮಾಡಿ ಇದನ್ನು ನೇರಾನೇರ ಮೋಸ ಎಂದು ಕರೆದಿದ್ದರು. ಸೆಪ್ಟೆಂಬರ್‌ನಲ್ಲಿ ಇನ್ಫೊಸಿಸ್ ತನ್ನ ನೌಕರರಿಗೆಲ್ಲ ಇ–ಮೇಲ್ ಕಳಿಸಿ, ಎರಡು ಕಡೆ ದುಡಿಯುವವರನ್ನು ತೆಗೆದುಹಾಕುವ ತನಕ ಕ್ರಮ ಆಗುತ್ತದೆ ಎಂದು ಎಚ್ಚರಿಸಿತು. ಅದೇ ಆಗಸ್ಟ್‌ನಲ್ಲಿ ಸ್ವಿಗ್ಗಿ ತನ್ನ ಕಚೇರಿ ಸಿಬ್ಬಂದಿಗೆ ಬಿಡುವಿನ ವೇಳೆಯಲ್ಲಿ ಬೇರೆ ಕೆಲಸ ಮಾಡಿಕೊಳ್ಳಲು ಒಪ್ಪಿಗೆ ಕೊಡುವ ನೀತಿ ಪ್ರಕಟಿಸಿತ್ತು. ಮೂರೂ ಬೆಂಗಳೂರಿನ ಕಂಪನಿಗಳೇ. ಒಂದೇ ಊರಿನಲ್ಲಿ, ಒಂದೇ ಎರಡು ತಿಂಗಳಲ್ಲಿ, ಒಂದು ಕಡೆ ಅದು ಮೋಸ, ಇನ್ನೊಂದು ಕಡೆ ಅದಕ್ಕೊಂದು ಅರ್ಜಿ ನಮೂನೆ. ಟೆಕ್ ಮಹೀಂದ್ರದ ಆಗಿನ ಮುಖ್ಯಸ್ಥ ಸಿ.ಪಿ. ಗುರ್ನಾನಿ ಕಾಲಕ್ಕೆ ತಕ್ಕಂತೆ ಬದಲಾಗಬೇಕು ಎಂದರು. ಇನ್ಫೊಸಿಸ್‌ನಲ್ಲಿ ಹಿಂದೆ ನಿರ್ದೇಶಕರಾಗಿದ್ದ ಮೋಹನ್‌ದಾಸ್ ಪೈ, ಕೆಲಸದ ಅವಧಿಯ ಆಚೆಗೆ ನೌಕರ ಮಾಡುವುದು ಅವನಿಗೆ ಬಿಟ್ಟಿದ್ದು ಎಂದರು. ಆಗ ಕೇಂದ್ರ ಸಚಿವರಾಗಿದ್ದ ರಾಜೀವ್ ಚಂದ್ರಶೇಖರ್, ನೌಕರರನ್ನು ಕಟ್ಟಿಹಾಕುವ ಈ ಪ್ರಯತ್ನ ಫಲಿಸುವುದಿಲ್ಲ ಎಂದರು. ಇನ್ಫೊಸಿಸ್ ಕೂಡ ಅಕ್ಟೋಬರ್‌ನಲ್ಲಿ ಸ್ವಲ್ಪ ಸಡಿಲಿಸಿ, ಹಿತಾಸಕ್ತಿಗೆ ಧಕ್ಕೆ ಇಲ್ಲದಿದ್ದರೆ ಮ್ಯಾನೇಜರ್ ಮತ್ತು ಎಚ್‌ಆರ್ ಅನುಮತಿ ಪಡೆದು ಹೊರಗಿನ ಬಿಡಿ ಕೆಲಸ ಮಾಡಬಹುದು ಎಂದಿತು.

ಪತ್ರಿಕೆಗಳೆಲ್ಲ ಅದನ್ನು ಮೂನ್‌ಲೈಟಿಂಗ್ ಎಂದು ಬರೆದವು. ಕನ್ನಡದಲ್ಲಿ ಇದಕ್ಕೆ ಒಂದು ಒಪ್ಪುವ ಪದ ಇಲ್ಲದಿರುವುದನ್ನು ನಾನು ತುಂಬಾ ಯೋಚಿಸಿದ್ದೇನೆ. ನಮ್ಮಲ್ಲಿ ಸಂಬಳ ಇದೆ, ಗಿಂಬಳ ಇದೆ. ಕುರ್ಚಿಯನ್ನು ಬಳಸಿಕೊಂಡು ಮೇಜಿನ ಕೆಳಗಿಂದ ಬರುವುದು ಗಿಂಬಳ. ಸಂಜೆ ಮೈ ಮುರಿದು ದುಡಿದು ತರುವ ಎರಡನೇ ಕಾಸಿಗೆ ಏನೆನ್ನುವುದು? 'ಸೈಡ್ ಬಿಸಿನೆಸ್' ಅನ್ನುತ್ತೇವೆ, 'ಏನೋ ಸಣ್ಣಪುಟ್ಟದ್ದು ಮಾಡ್ಕೊಂಡಿದಾರೆ' ಅನ್ನುತ್ತೇವೆ. ಹೆಸರಿಡಬೇಕು ಎಂದು ಯಾರಿಗೂ ಅನ್ನಿಸದಷ್ಟು ಅದು ಸಾಮಾನ್ಯವಾಗಿತ್ತು.

ಚಿಕ್ಕಮ್ಮನನ್ನೇ ನೋಡಿ. ಇಪ್ಪತ್ತೆರಡು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತೆಯಾಗಿದ್ದರು. ಸಂಜೆ ಐದೂವರೆಗೆ ಮನೆಗೆ ಬಂದು, ಅಡುಗೆ ಮುಗಿಸಿ, ಎಂಟು ಗಂಟೆಗೆ ಮಿಷನ್ನಿನ ಮುಂದೆ ಕೂರುತ್ತಿದ್ದರು. ಸೀರೆಗೆ ಫಾಲ್ಸ್, ಜಿಗ್‌ಜಾಗ್, ಬ್ಲೌಸು. ಶಾಲೆಯ ಮುಖ್ಯೋಪಾಧ್ಯಾಯಿನಿಯ ಬ್ಲೌಸುಗಳನ್ನೂ ಅವರೇ ಹೊಲಿಯುತ್ತಿದ್ದರು. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ನೃತ್ಯದ ಲಂಗಗಳನ್ನು ಹೊಲಿದುಕೊಡಿ ಎಂದಾಗ, "ಕೂಲಿ ಬೇಡ, ಆದ್ರೆ ಇಲ್ಲಿ ಆಫೀಸಲ್ಲಿ ಕೂತು ಹೊಲಿಯಲ್ಲ, ಮನೆಗೆ ಕೊಟ್ಟುಕಳಿಸಿ" ಎಂದಿದ್ದರಂತೆ. ಆಫೀಸಿನ ಹೊತ್ತು ಆಫೀಸಿಗೆ. ಅವರು ಇದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಕಿಟಕಿಯಲ್ಲಿ ರಟ್ಟಿನ ಬೋರ್ಡೇ ತೂಗುಹಾಕಿದ್ದರು.

ಇಂಥವರು ಬೀದಿಗೊಬ್ಬರು. ಹಗಲು ಕಾರ್ಖಾನೆಯಲ್ಲಿ ದುಡಿದು ಸಂಜೆ ಚಿಕ್ಕಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುತ್ತಿದ್ದವರು, ಶಿಫ್ಟ್ ಮುಗಿಸಿ ಬಂದು ಮೊಳದ ಲೆಕ್ಕದಲ್ಲಿ ಹೂ ಕಟ್ಟುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಆಫೀಸಿನ ಬ್ಯಾಗಿನಲ್ಲಿ ಸೀರೆ ತಂದು ಕಂತಿನ ಮೇಲೆ ಮಾರುವವರು. ಇಂದು ರಾತ್ರಿ ಊಟ ತಂದುಕೊಡುವ ಹುಡುಗ ಹಗಲು ಎಲ್ಲೋ ಡೇಟಾ ಎಂಟ್ರಿ ಮಾಡುತ್ತಿರುತ್ತಾನೆ. ಒಂದೇ ಮೊಬೈಲಿನಲ್ಲಿ ಎರಡು ಡೆಲಿವರಿ ಆ್ಯಪ್ ತೆರೆದಿಟ್ಟುಕೊಂಡವನನ್ನು ಯಾರೂ ಮೋಸಗಾರ ಎನ್ನುವುದಿಲ್ಲ. ಕಡಿಮೆ ಕೂಲಿಯವನು ಎರಡು ಕಡೆ ದುಡಿದರೆ ಪಾಪ ಕಷ್ಟಪಡುತ್ತಾನೆ ಎನ್ನುವ ನಾವು, ಹೆಚ್ಚು ಸಂಬಳದವನು ಅದನ್ನೇ ಮಾಡಿದರೆ ದುರಾಸೆ ಎನ್ನುತ್ತೇವೆ. ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ವರ್ಷದ ಮೂರೂವರೆ ಲಕ್ಷದ ಆಸುಪಾಸಿನ ಸಂಬಳ ಹತ್ತು ವರ್ಷಕ್ಕೂ ಮಿಕ್ಕಿ ಹೆಚ್ಚು ಕದಲಿಲ್ಲ. ಬೆಂಗಳೂರಿನ ಮನೆ ಬಾಡಿಗೆ ಮಾತ್ರ ನಿಂತಲ್ಲಿ ನಿಂತಿಲ್ಲ.

ಆದರೂ ಮುಚ್ಚಿಡುವ ಸಂಪ್ರದಾಯ ನಮಗೆ ಹೊಸದಲ್ಲ. ಸರ್ಕಾರಿ ನೌಕರಿಯಲ್ಲಿ, ಬ್ಯಾಂಕಿನಲ್ಲಿ ಇದ್ದವರ ಮನೆಗಳಲ್ಲಿ 'ಹೆಂಡತಿ ಹೆಸರಿನ ಎಲ್‌ಐಸಿ ಏಜೆನ್ಸಿ' ಎಂಬುದು ಎಷ್ಟು ಪರಿಚಿತ! ಪ್ರೀಮಿಯಂ ವಸೂಲಿಗೆ ಸ್ಕೂಟರ್ ಹತ್ತಿ ಹೋಗುವವರು ಯಜಮಾನರು, ಕಮಿಷನ್ ಬೀಳುವುದು ಅಮ್ಮನವರ ಖಾತೆಗೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ 15ನೇ ನಿಯಮ ಪೂರ್ವಾನುಮತಿಯಿಲ್ಲದೆ ಖಾಸಗಿ ವ್ಯಾಪಾರವನ್ನಾಗಲಿ ಬೇರೆ ಉದ್ಯೋಗವನ್ನಾಗಲಿ ಮಾಡಬಾರದು ಎನ್ನುತ್ತದೆ. ಆದರೆ ಅದೇ ನಿಯಮ, ಅಪರೂಪಕ್ಕೊಮ್ಮೆ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸಕ್ಕೆ ಬಾಗಿಲು ತೆರೆದಿಟ್ಟಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿ ಇದ್ದುಕೊಂಡೇ 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಕತೆ ಬರೆದರು. ಹಗಲು ಸರ್ಕಾರಿ ಕಡತ, ಬಿಡುವಿನಲ್ಲಿ ಬರವಣಿಗೆ ಎಂಬ ಬದುಕಿಗೆ ಕನ್ನಡ ಸಾಹಿತ್ಯ ಬಹಳ ಋಣಿ. ಶಾಲಾ ಶಿಕ್ಷಕರಿಗೆ ಮಾತ್ರ ಕಾನೂನು ಬೇರೆ ಕಾರಣಕ್ಕೆ ಬಿಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಖಾಸಗಿ ಟ್ಯೂಷನ್ ಮಾಡಕೂಡದು ಎನ್ನುತ್ತದೆ. ತರಗತಿಯಲ್ಲಿ ಹೇಳಿಕೊಡಬೇಕಾದದ್ದನ್ನು ಸಂಜೆಯ ಮನೆಪಾಠಕ್ಕೆ ಉಳಿಸಿಕೊಂಡರೆ ಫೀಸು ಕೊಡಲಾಗದ ಮಗು ಏನು ಮಾಡಬೇಕು? ಇದು ನನಗೆ ಪೂರ್ತಿ ನ್ಯಾಯವೆನಿಸುವ ನಿರ್ಬಂಧ.

ಹಾಗಾದರೆ ಖಾಸಗಿ ಕಂಪನಿಯ ನೌಕರ ಎರಡನೇ ಕೆಲಸ ಮಾಡುವುದು ಅಪರಾಧವೆ? ಮಹಡಿಯಲ್ಲಿ ನನ್ನ ಈ ತಮ್ಮ ಕೇಳಿದ ಮೊದಲ ಪ್ರಶ್ನೆ ಇದೇ. "ಪೊಲೀಸ್ ಕೇಸ್ ಆಗುತ್ತಾ ಅಕ್ಕ?"

ಇಡೀ ದೇಶಕ್ಕೆ ಅನ್ವಯಿಸಿ 'ಎರಡು ಕೆಲಸ ಮಾಡಬಾರದು' ಎನ್ನುವ ಕಾನೂನು ಇಲ್ಲ. ಹತ್ತಿರಕ್ಕೆ ಬರುತ್ತಿದ್ದದ್ದು 1948ರ ಕಾರ್ಖಾನೆ ಕಾಯ್ದೆಯ 60ನೇ ಕಲಂ. ಒಂದು ಕಾರ್ಖಾನೆಯಲ್ಲಿ ಅಂದು ದುಡಿದ ಕಾರ್ಮಿಕನನ್ನು ಅದೇ ದಿನ ಇನ್ನೊಂದು ಕಾರ್ಖಾನೆಯಲ್ಲಿ ದುಡಿಸಬಾರದು, ದುಡಿಯಲು ಬಿಡಲೂಬಾರದು ಎಂದು ಅದು ಹೇಳಿತು. ಓದಿದರೆ ಕಾಣುತ್ತದೆ, ಅದು ಮಾಲೀಕನ ಗುಟ್ಟು ಕಾಯಲು ಬರೆದದ್ದಲ್ಲ. ಹಗಲೆಲ್ಲ ಒಂದು ಯಂತ್ರದ ಮುಂದೆ ನಿಂತವನು ರಾತ್ರಿ ಇನ್ನೊಂದರ ಮುಂದೆ ನಿಂತು ತೂಕಡಿಸಿದರೆ ಹೋಗುವುದು ಅವನ ಕೈ. ಆ ಕೈಯನ್ನು ಉಳಿಸಲು ಬರೆದ ಮಾತು ಅದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಆ ಹಳೆಯ ಕಾಯ್ದೆ ವಿಲೀನವಾಗಿದೆ.

ಕಂಪ್ಯೂಟರಿನ ಮುಂದೆ ಕೂರುವವನನ್ನು ಕಟ್ಟಿಹಾಕುವುದು ಬೇರೆಯೇ ಕಾಗದ: ಸೇರುವ ದಿನ ಸಂಭ್ರಮದಲ್ಲಿ ಓದದೆ ಸಹಿ ಹಾಕಿದ ನೇಮಕಾತಿ ಪತ್ರ. ನಿಮ್ಮ ಪೂರ್ಣ ಸಮಯ, ಪೂರ್ಣ ಗಮನ ಕಂಪನಿಗೆ ಮೀಸಲು, ಲಿಖಿತ ಪೂರ್ವಾನುಮತಿ ಇಲ್ಲದೆ ಸಂಬಳಕ್ಕಾಗಲಿ ಬಿಟ್ಟಿಯಾಗಲಿ ಬೇರೆ ಕೆಲಸ ಹಿಡಿಯುವಂತಿಲ್ಲ ಎಂಬ ಕಲಂ ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಜೊತೆಗೆ ಹೆಚ್ಚಿನವರು ಗಮನಿಸದ ಇನ್ನೊಂದಿದೆ. ನೌಕರಿಯಲ್ಲಿ ಇರುವಷ್ಟು ಕಾಲ ನೀವು ಬರೆದ ಕೋಡು, ಕಂಡುಹಿಡಿದ ಉಪಾಯ ಎಲ್ಲದರ ಒಡೆತನ ಕಂಪನಿಯದು ಎಂಬ ಮಾತು. ಕೆಲವು ಪತ್ರಗಳಲ್ಲಿ ಇದು ಕಚೇರಿ ವೇಳೆಯ ಆಚೆಗೂ ಚಾಚಿಕೊಂಡಿರುತ್ತದೆ. ಅಂದರೆ ರಾತ್ರಿ ಇನ್ನೊಬ್ಬರಿಗೆ ಬರೆದುಕೊಟ್ಟ ಕೋಡಿನ ಮೇಲೆ ಇಬ್ಬರು ಹಕ್ಕು ಸಾಧಿಸುವ ಪರಿಸ್ಥಿತಿ. ಅದು ಎರಡನೆಯ ಕಂಪನಿಗೂ ಅಪಾಯ.

ಇಂಥ ಷರತ್ತು ಕೋರ್ಟಿನಲ್ಲಿ ನಿಲ್ಲುತ್ತದೆಯೆ? 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಒಬ್ಬನ ವೃತ್ತಿ, ವ್ಯಾಪಾರವನ್ನು ತಡೆಯುವ ಕರಾರು ಅಷ್ಟರಮಟ್ಟಿಗೆ ಅನೂರ್ಜಿತ. ಆದರೆ 1967ರಲ್ಲಿ ಸುಪ್ರೀಂ ಕೋರ್ಟ್ ನಿರಂಜನ ಶಂಕರ ಗೋಲಿಕರಿ ಪ್ರಕರಣದಲ್ಲಿ ಒಂದು ಗೆರೆ ಎಳೆಯಿತು. ಕಲ್ಯಾಣದ ಟೈರ್ ಕಾರ್ಡ್ ಕಾರ್ಖಾನೆಯೊಂದರಲ್ಲಿ ತರಬೇತಿ ಪಡೆದ ನೌಕರ, ಒಪ್ಪಿದ ಐದು ವರ್ಷದ ಅವಧಿ ಮುಗಿಯುವ ಮೊದಲೇ ಕೋಟಾದ ಪ್ರತಿಸ್ಪರ್ಧಿ ಕಂಪನಿ ಸೇರಿದ್ದ. ಕರಾರಿನ ಅವಧಿಯೊಳಗೆ ಬೇರೆ ಕಡೆ ದುಡಿಯುವುದಿಲ್ಲ ಎಂದು ಕೊಟ್ಟ ಮಾತು ವೃತ್ತಿಗೆ ಹಾಕಿದ ಬೇಡಿ ಆಗುವುದಿಲ್ಲ, ಅದು ತೀರಾ ಏಕಪಕ್ಷೀಯವಾಗಿರಬಾರದು ಅಷ್ಟೆ ಎಂದಿತು ಕೋರ್ಟ್. ಕೆಲಸ ಬಿಟ್ಟ ಮೇಲೂ ಕಟ್ಟಿಹಾಕುವ ಷರತ್ತುಗಳನ್ನು ನಮ್ಮ ನ್ಯಾಯಾಲಯಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನೌಕರಿಯಲ್ಲಿ ಇರುವಾಗಿನ ಮಾತಿಗೆ ಮಾತ್ರ ಬೆಲೆ ಇದೆ.

ಹಾಗಾಗಿ ತಮ್ಮನಿಗೆ ನಾನು ಹೇಳಿದ್ದು ಇಷ್ಟು: ಬರೀ ಎರಡು ಕೆಲಸ ಮಾಡಿದ್ದಕ್ಕೆ ಪೊಲೀಸರು ಬರುವುದಿಲ್ಲ. ಕೆಲಸ ಹೋಗಬಹುದು, ರಿಲೀವಿಂಗ್ ಲೆಟರ್‌ಗೆ ಕಲ್ಲು ಬೀಳಬಹುದು. ಗುಟ್ಟು ಮಾರಿದರೆ, ಸುಳ್ಳು ದಾಖಲೆ ಕೊಟ್ಟರೆ ಆಗ ಕತೆ ಬೇರೆ. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಸರ್ಕಾರ ವರ್ಷಗಟ್ಟಲೆ ವಿನಾಯಿತಿ ಕೊಡುತ್ತಾ ಬಂದದ್ದರಿಂದ, ಶಿಸ್ತಿನ ವಿಷಯದಲ್ಲಿ ಕಂಪನಿಯ ಸ್ವಂತ ನಿಯಮಪುಸ್ತಕವೇ ಮೇಲಾಗಿತ್ತು. ಐಟಿ ನೌಕರರ ಸಂಘ ಕೆಐಟಿಯು ಆ ವಿನಾಯಿತಿಯನ್ನು ವಿರೋಧಿಸುತ್ತಲೇ ಬಂದಿತ್ತು.

ಮುಚ್ಚಿಟ್ಟದ್ದು ಹೊರಬೀಳುವುದು ಹೇಗೆ ಎಂಬುದನ್ನೂ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ವಿಷಯದಲ್ಲಿ ಇರುವಷ್ಟು ಅಂತೆಕಂತೆ ಬೇರೆಲ್ಲೂ ಇಲ್ಲ.

ಮೊದಲನೆಯದು ಪಿಎಫ್. 2014ರಿಂದ ಪ್ರತಿ ಚಂದಾದಾರನಿಗೆ ಯುಎಎನ್ ಎಂಬ ಹನ್ನೆರಡು ಅಂಕಿಯ ಒಂದೇ ಸಂಖ್ಯೆ. ಕಂಪನಿ ಬದಲಾದರೂ ಅದು ಬದಲಾಗುವುದಿಲ್ಲ. ಎರಡನೆಯ ಕಡೆಯೂ ಪಿಎಫ್ ಕಟ್ಟಿಸಿಕೊಂಡರೆ ಒಂದೇ ಸಂಖ್ಯೆಯ ಕೆಳಗೆ ಎರಡು ಕಂಪನಿ, ಎರಡು ಸೇರಿದ ದಿನಾಂಕ, ಒಂದರ ಮೇಲೊಂದು ಬಿದ್ದ ತಿಂಗಳುಗಳು. ಇಂದಲ್ಲ ನಾಳೆ ಮೂರನೆಯ ಕಂಪನಿಗೆ ಹೋಗುವಾಗ ಹಿನ್ನೆಲೆ ಪರಿಶೀಲನೆ ಮಾಡುವವರು ಕೇಳುವುದೇ ಈ 'ಸರ್ವಿಸ್ ಹಿಸ್ಟರಿ'. ಆಗ ಆ ಪುಟವೇ ಎಲ್ಲ ಹೇಳುತ್ತದೆ.

ಎರಡನೆಯದು ತೆರಿಗೆ. ಕಂಪನಿಗೆ ಹೇಳದಿರುವುದು ಬೇರೆ, ತೆರಿಗೆ ಇಲಾಖೆಗೆ ಹೇಳದಿರುವುದು ಬೇರೆ. ಈ ಎರಡನ್ನೂ ಒಂದೇ ಎಂದುಕೊಂಡು ಕೆಡುವವರಿದ್ದಾರೆ. ನಿಮ್ಮ ಎಐಎಸ್, ಅಂದರೆ ಇಲಾಖೆಗೆ ವರದಿಯಾದ ವರ್ಷದ ಆದಾಯದ ಪಟ್ಟಿ, ನೀವು ಮತ್ತು ಇಲಾಖೆ ನೋಡುವಂಥದ್ದು. ಕಂಪನಿಯ ಎಚ್‌ಆರ್‌ಗೆ ಅದನ್ನು ತೆರೆದು ನೋಡುವ ದಾರಿ ಇಲ್ಲ. ಆದರೆ ಇಲಾಖೆಗೆ ಎರಡೂ ಕಡೆಯ ಸಂಬಳ ಕಾಣುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. 2025ರ ಬಜೆಟ್ ತಂದ ಹೊಸ ಪದ್ಧತಿಯ ದರದಲ್ಲಿ, ಒಂದು ಕಂಪನಿ ವರ್ಷಕ್ಕೆ 12 ಲಕ್ಷ, ಇನ್ನೊಂದು 8 ಲಕ್ಷ ಸಂಬಳ ಕೊಡುತ್ತದೆ ಎಂದಿಟ್ಟುಕೊಳ್ಳಿ. ಒಂದಕ್ಕೊಂದು ಗೊತ್ತಿಲ್ಲ. 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಎರಡೂ ಕಡೆ ರಿಯಾಯಿತಿಯ ಮಿತಿಯೊಳಗೇ ಉಳಿಯುವುದರಿಂದ ಯಾರೂ ಒಂದು ಪೈಸೆ ಟಿಡಿಎಸ್ ಹಿಡಿಯುವುದಿಲ್ಲ. ಕೈಗೆ ಪೂರ್ತಿ ದುಡ್ಡು. ಜುಲೈನಲ್ಲಿ ರಿಟರ್ನ್ಸ್ ತುಂಬಲು ಕೂತಾಗ ಒಟ್ಟು ಆದಾಯ 20 ಲಕ್ಷ, ಡಿಡಕ್ಷನ್ ಸಿಗುವುದು ಒಂದೇ ಸಲ, ಉಳಿದ 19.25 ಲಕ್ಷಕ್ಕೆ ತೆರಿಗೆ 1,85,000, ಶೇ 4ರ ಸೆಸ್ ಸೇರಿ 1,92,400 ರೂಪಾಯಿ. ಮುಂಗಡ ತೆರಿಗೆ ಕಟ್ಟದ್ದಕ್ಕೆ ಬಡ್ಡಿ ಅದರ ಮೇಲೆ. ಮನೆಯ ಸಾಲ ತೀರಿಸಲೆಂದು ಹಿಡಿದ ಎರಡನೇ ಕೆಲಸ ಹೊಸ ಸಾಲ ತರುವುದು ಹೀಗೆ.

ಸಂಬಳದ ಬದಲು ವೃತ್ತಿ ಶುಲ್ಕದ ರೂಪದಲ್ಲಿ, ಬಿಲ್ ಕೊಟ್ಟು ದುಡ್ಡು ಪಡೆದರೆ ಪಿಎಫ್ ಬರುವುದಿಲ್ಲ, ಸಾಮಾನ್ಯವಾಗಿ ಶೇ 10 ಟಿಡಿಎಸ್ ಹಿಡಿಯುತ್ತಾರೆ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಅಲ್ಲೊಂದು ಬಾಗಿಲು ಇದೆ: ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ಹಾಕಿ ಯಾರು ಬೇಕಾದರೂ ಹುಡುಕಬಹುದು, ನಿಮ್ಮ ಪ್ಯಾನ್ ಕಂಪನಿಯ ಹತ್ತಿರ ಇದ್ದೇ ಇದೆ. ಸ್ನೇಹಿತನ ಕಂಪನಿಗೆ ಹೆಸರಿಗಷ್ಟೇ ನಿರ್ದೇಶಕನಾದರೆ ಅದೂ ಸಾರ್ವಜನಿಕ ದಾಖಲೆ.

ಇಷ್ಟೆಲ್ಲ ಇದ್ದರೂ, ನಾನು ಕೇಳಿ ತಿಳಿದ ಪ್ರಸಂಗಗಳಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು ದಾಖಲೆಗಿಂತ ಹೆಚ್ಚಾಗಿ ಮನುಷ್ಯರ ಬಾಯಿ. ಮದುವೆ ಮನೆಯಲ್ಲಿ ಮಾವ ಹೆಮ್ಮೆಯಿಂದ ಹೇಳಿಬಿಡುತ್ತಾರೆ. ಮೀಟಿಂಗ್‌ನಲ್ಲಿ ತಪ್ಪು ಪರದೆ ತೋರಿಸಿಬಿಡುತ್ತೇವೆ. ಒಂದು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದರ ಇ–ಮೇಲ್ ತೆರೆಯುತ್ತೇವೆ, ಆ ಲ್ಯಾಪ್‌ಟಾಪಿನಲ್ಲಿ ನಡೆಯುವುದನ್ನೆಲ್ಲ ಕಂಪನಿ ನೋಡಬಹುದು ಎಂಬುದಕ್ಕೆ ನಾವೇ ಸಹಿ ಹಾಕಿರುತ್ತೇವೆ.

ತಮ್ಮನ ರಾತ್ರಿಗಳನ್ನು ಆಮೇಲೆ ಹತ್ತಿರದಿಂದ ನೋಡಿದೆ. ಯಾವುದು ಯಾರದ್ದು ಎಂದು ತಪ್ಪದಿರಲಿ ಎಂದು ಎರಡು ಲ್ಯಾಪ್‌ಟಾಪಿಗೆ ಎರಡು ಬಣ್ಣದ ಮೌಸ್. ಹೆಡ್‌ಫೋನೂ ಎರಡು. ಕೋಣೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಎರಡು ಕಾಲಮಿನ ವೇಳಾಪಟ್ಟಿ. ಮೊದಮೊದಲು ರಾತ್ರಿ ಮಾತ್ರ ಇದ್ದ ಎರಡನೇ ಕೆಲಸ ನಿಧಾನಕ್ಕೆ ಹಗಲಿಗೆ ಸರಿಯಿತು. ಇವತ್ತೊಂದು ದಿನ ಮಧ್ಯಾಹ್ನ ಮೂರಕ್ಕೆ ಸಿಗು ಎಂದರು ಆ ಕಂಪನಿಯವರು. ಆಗಲ್ಲ ಎನ್ನಲು ಇವನಿಗೆ ಕಾರಣ ಕೊಡಲಾಗಲಿಲ್ಲ, ಅಲ್ಲಿಯೂ ತಾನು ಪೂರ್ಣಾವಧಿ ಎಂದೇ ಹೇಳಿಕೊಂಡಿದ್ದ. ಬಲಗಿವಿಯಲ್ಲಿ ಒಂದು ಮೀಟಿಂಗು, ಎಡಗಿವಿಯಲ್ಲಿ ಇನ್ನೊಂದು ಶುರುವಾದದ್ದು ಆಗ.

ದುಡಿಮೆಯ ದಣಿವನ್ನು ಅವನು ತಡೆದುಕೊಳ್ಳುತ್ತಿದ್ದ. ಅವನ ಅಮ್ಮನೂ ಹಾಗೆ ದುಡಿದವರೇ. ಅವನನ್ನು ಒಳಗಿಂದ ತಿಂದದ್ದು ಯಾರಿಗೂ ಹೇಳಲಾಗದಿದ್ದದ್ದು. ಜ್ವರ ಬಂದರೆ ಎರಡು ಕಡೆ ಎರಡು ಸುಳ್ಳು. ಸಹೋದ್ಯೋಗಿಗಳ ಜೊತೆ ಊಟಕ್ಕೆ ಹೋಗುವುದು ಬಿಟ್ಟ, ಬಾಯ್ತಪ್ಪಿ ಏನಾದರೂ ಬಂದೀತೆಂದು. ಎರಡನೇ ಕಂಪನಿಗೆ ಅವನು ಒಬ್ಬನೇ ಕೂತು ಕಟ್ಟಿಕೊಟ್ಟ ಒಂದು ವ್ಯವಸ್ಥೆ ಅವನ ಬದುಕಿನ ಅತ್ಯುತ್ತಮ ಕೆಲಸವಂತೆ. ಅದನ್ನು ರೆಸ್ಯೂಮೆಯಲ್ಲಿ ಬರೆಯುವ ಹಾಗಿಲ್ಲ. "ಮಗು ಹುಟ್ಟಿದೆ ಅಕ್ಕ, ಹೆಸರಿಡೋ ಹಂಗಿಲ್ಲ," ಎಂದಿದ್ದ.

2023ರ ಒಂದು ಮಂಗಳವಾರ ಮಧ್ಯಾಹ್ನ ಅದು ಕಟ್ಟೊಡೆಯಿತು. ಮೊದಲ ಕಂಪನಿಯ ಗ್ರಾಹಕರೊಬ್ಬರ ಸರ್ವರು ಕೆಟ್ಟು ನಿಂತಿತು. ಸರಿಪಡಿಸಬೇಕಾದವನು ಇವನು. ಅದೇ ಹೊತ್ತಿಗೆ ಎಡಗಿವಿಯಲ್ಲಿ ಎರಡನೇ ಕಂಪನಿಯ ಹೂಡಿಕೆದಾರರ ಮೀಟಿಂಗು. ನಲವತ್ತು ನಿಮಿಷ ಇವನು ಬಲಗಡೆಯ ಕರೆಗಳಿಗೆ ಓಗೊಡಲಿಲ್ಲ. ತಂಡಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿಯೊಬ್ಬಳು ತನಗೆ ತಿಳಿದಂತೆ ಏನೋ ಮಾಡಲು ಹೋಗಿ ಇನ್ನಷ್ಟು ಕೆಟ್ಟಿತು. ಬೈಗುಳ ತಿಂದದ್ದು ಅವಳು, ಇಡೀ ರಾತ್ರಿ ಕೂತದ್ದು ಅವಳು, ತಪ್ಪೊಪ್ಪಿಗೆಯ ಮೇಲ್ ಬರೆದದ್ದೂ ಅವಳೇ. ನೆಟ್ ಕೈಕೊಟ್ಟಿತ್ತು ಎಂದು ಇವನು ಹೇಳಿದ. ಎಲ್ಲರೂ ನಂಬಿದರು. ಆ ಹುಡುಗಿ ಮರುದಿನ ಇವನಿಗೆ ಫೋನ್ ಮಾಡಿ, "ಸಾರಿ ಸರ್, ನೀವು ಇರ್ಲಿಲ್ಲ ಅಂತ ನಾನೇ ಕೈ ಹಾಕಿಬಿಟ್ಟೆ" ಎಂದಳಂತೆ. ಇದನ್ನು ಹೇಳುವಾಗ ಅವನು ಅತ್ತ.

ನನ್ನ ನಿಲುವು ಗಟ್ಟಿಯಾದದ್ದು ಆ ಹುಡುಗಿಯ ಕತೆ ಕೇಳಿದ ಮೇಲೆ. ಸಂಜೆ ಏಳರ ನಂತರದ ನನ್ನ ಹೊತ್ತು ನನ್ನದು. ಅದರಲ್ಲಿ ನಾನು ಹೊಲಿಯಲಿ, ಬರೆಯಲಿ, ಪಾಠ ಹೇಳಲಿ, ಪ್ರತಿಸ್ಪರ್ಧಿಗೆ ಗುಟ್ಟು ಕೊಡದಿದ್ದ ಮೇಲೆ ಕಂಪನಿಗೆ ಅದರ ಲೆಕ್ಕ ಕೇಳುವ ಅಧಿಕಾರ ಇಲ್ಲ ಎಂದೇ ನಂಬುತ್ತೇನೆ. ಪೂರ್ತಿ ಬದುಕನ್ನೇ ಬರೆಸಿಕೊಳ್ಳುವ ನೇಮಕಾತಿ ಪತ್ರಗಳು ಬದಲಾಗಬೇಕು. 2023ರಲ್ಲಿ ಇನ್ಫೊಸಿಸ್ ಕಟ್ಟಿದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆ ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾವ ಬಂದು, ಕೆಐಟಿಯು ಬೀದಿಗಿಳಿಯಿತು. ಎರಡನೇ ಕೆಲಸದಿಂದ ನೌಕರ ದಣಿದುಹೋಗುತ್ತಾನೆ ಎಂಬ ಕಾಳಜಿ ನಿಜವಾದದ್ದಾದರೆ, ಮೊದಲನೇ ಕೆಲಸದ ದಣಿವಿಗೂ ಅದು ಅನ್ವಯಿಸಬೇಕು.

ಆದರೆ ಒಂದೇ ಗಂಟೆಯನ್ನು ಇಬ್ಬರಿಗೆ ಮಾರಬಾರದು. ಚಿಕ್ಕಮ್ಮನ ಹೊಲಿಗೆಗೂ ಮಗನ ಎರಡನೇ ಲ್ಯಾಪ್‌ಟಾಪಿಗೂ ಇರುವ ವ್ಯತ್ಯಾಸ ಅದೊಂದೇ. ಮಾರಿದಾಗ ನಷ್ಟವಾಗುವುದು ಕೋಟ್ಯಂತರ ವಹಿವಾಟಿನ ಕಂಪನಿಗಲ್ಲ. ಪಕ್ಕದ ಕುರ್ಚಿಯಲ್ಲಿ ಕೂತ, ನಮ್ಮ ಪಾಲಿನ ಕರೆಯನ್ನು ತಾನು ಎತ್ತಿಕೊಳ್ಳುವ ಹುಡುಗಿಗೆ. 2025ರ ಜುಲೈನಲ್ಲಿ ಭಾರತದ ಎಂಜಿನಿಯರ್ ಒಬ್ಬ ಅಮೆರಿಕದ ಹಲವು ಸ್ಟಾರ್ಟಪ್‌ಗಳಿಗೆ ಒಂದೇ ಕಾಲಕ್ಕೆ ದುಡಿಯುತ್ತಿದ್ದದ್ದು ಬಯಲಾಗಿ, ಹಣದ ಕಷ್ಟಕ್ಕೆ ಹಾಗೆ ಮಾಡಿದೆ ಎಂದು ಅವನೇ ಒಪ್ಪಿಕೊಂಡಾಗ ಎಷ್ಟೋ ಜನ ಅವನ ಜಾಣ್ಮೆಯನ್ನು ಮೆಚ್ಚಿ ಬರೆದರು. ನನಗೆ ನೆನಪಾದದ್ದು ಅವನ ತಂಡಗಳಲ್ಲಿದ್ದವರು, ಅವನಿಗಾಗಿ ಕಾದು ಕೂತಿದ್ದವರು.

ಸರ್ವರು ಕೆಟ್ಟ ಆ ತಿಂಗಳೇ ತಮ್ಮ ಎರಡನೇ ಕೆಲಸ ಬಿಟ್ಟಿದ್ದ. ತಂಡದ ಮ್ಯಾನೇಜರ್‌ಗೆ ಫೋನ್ ಮಾಡಿ, ಆ ದಿನ ನೆಟ್ ಕೈಕೊಟ್ಟಿರಲಿಲ್ಲ, ಕರೆ ಎತ್ತದಿದ್ದದ್ದು ತನ್ನದೇ ತಪ್ಪು, ಹುಡುಗಿಯದಲ್ಲ ಎಂದು ಹೇಳಿದ. ಕಾರಣವನ್ನು ಮಾತ್ರ ಹೇಳಲಿಲ್ಲ. ಅಷ್ಟಕ್ಕೇ ಅವನ ಆ ವರ್ಷದ ಇನ್‌ಕ್ರಿಮೆಂಟ್ ಹೋಯಿತು. ಒಂದು ವರ್ಷದ ಮೇಲೆ, ಭಾನುವಾರಗಳಂದು ಡಿಪ್ಲೊಮಾ ಹುಡುಗರಿಗೆ ಸಂಬಳಕ್ಕೆ ಪಾಠ ಹೇಳಲು ಅನುಮತಿ ಕೋರಿ ಎಚ್‌ಆರ್‌ಗೆ ಬರೆದ. ನಾಲ್ಕು ಸಾಲಿನ ಮೇಲ್: ಯಾರಿಗೆ, ಯಾವ ವಿಷಯ, ಎಷ್ಟು ಹೊತ್ತು, ಕಂಪನಿಯ ಲ್ಯಾಪ್‌ಟಾಪು ಬಳಸುವುದಿಲ್ಲ. ಒಂಬತ್ತು ದಿನಕ್ಕೆ ಒಪ್ಪಿಗೆ ಬಂತು. ಇಷ್ಟು ಸಲೀಸಾಗಿ ಎಲ್ಲರಿಗೂ ಸಿಗುವುದಿಲ್ಲ, ಕೇಳಿದ್ದಕ್ಕೇ ಅನುಮಾನಕ್ಕೆ ಗುರಿಯಾದವರೂ ನನಗೆ ಗೊತ್ತು. ಚಿಕ್ಕಪ್ಪನ ಆಪರೇಷನ್ ಸಾಲದಲ್ಲಿ ಇನ್ನೂ ಒಂದಿಷ್ಟು ಬಾಕಿ ಇದೆ.

ಎರಡನೇ ಕಂಪನಿಯ ಲ್ಯಾಪ್‌ಟಾಪನ್ನು ಕೊರಿಯರ್‌ನಲ್ಲಿ ವಾಪಸು ಕಳಿಸುವ ದಿನ ನಾನು ಅಲ್ಲೇ ಇದ್ದೆ. ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟ. ಮುಚ್ಚಳದ ಮೂಲೆಯಲ್ಲಿ ಆಯುಧಪೂಜೆಯ ಕುಂಕುಮ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಒದ್ದೆ ಬಟ್ಟೆ ತಂದು ಒರೆಸಲು ಹೋದ. ಅಡುಗೆಮನೆಯಿಂದ ಬಂದ ಚಿಕ್ಕಮ್ಮ ಕೈ ಹಿಡಿದರು.

"ಒರೆಸ್ಬೇಡ ಕಣೋ. ಪೂಜೆ ಆಗಿರೋದು."

"ಅಮ್ಮ, ಅದು ಅವರದ್ದು. ಹೆಂಗಿತ್ತೋ ಹಂಗೆ ಕೊಡಬೇಕು."

ಚಿಕ್ಕಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತರು. ಆಮೇಲೆ ಅವನ ಕೈಯಿಂದ ಬಟ್ಟೆ ತೆಗೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಮೆಲ್ಲಗೆ ಒರೆಸಿದರು. ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕದೆ ಹಿತ್ತಿಲ ತುಳಸಿ ಕಟ್ಟೆಯ ಹತ್ತಿರ ಹೋಗಿ ಹಿಂಡಿ ಬಂದರು.